‘ರಂಗಸಜ್ಜಿಕೆ ಸರಳವಾಗಿತ್ತು’ ಅಂದರೆ ಮುಗೀತಾ?

ಸಂಪಾದಕರೇ,

ನಮ್ಮೂರಲ್ಲಿ ಹೋದ ವಾರ ನಡೆದ ನಾಟಕದ ವಿಮರ್ಶೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕಥೆ ಇತ್ತು, ನಟರ ಹೆಸರಿತ್ತು, ಮುಖ್ಯ ಅತಿಥಿಗಳ ಭಾಷಣವೂ ಇತ್ತು. ಕೊನೆಗೆ ಒಂದು ಸಾಲು: ‘ರಂಗಸಜ್ಜಿಕೆ ಸರಳವಾಗಿತ್ತು, ಬೆಳಕು ಪೂರಕವಾಗಿತ್ತು.’ ಈ ಸಾಲನ್ನು ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ. ಯಾವ ನಾಟಕಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ?

ಅವತ್ತು ನಾನೂ ಅಲ್ಲೇ ಇದ್ದೆ, ಮೂರನೇ ಸಾಲಲ್ಲಿ. ರಂಗದ ಮೇಲೆ ಇದ್ದದ್ದು ಒಂದು ಬೆಂಚು, ಒಂದು ಲಾಟೀನು, ಒಂದು ಹಳೇ ಸೀರೆ. ಅಷ್ಟೇ. ಬೆಂಚು ಮೊದಲು ಚಹಾದಂಗಡಿ ಆಯಿತು. ಮೂರು ಜನ ಒತ್ತಿಕೊಂಡು ಕೂತರು, ತುದಿಯಲ್ಲಿದ್ದವನು ಬೀಳದ ಹಾಗೆ ಒಂದು ಕಾಲು ನೆಲಕ್ಕೆ ಊರಿದ್ದ. ಆಮೇಲೆ ಅದೇ ಬೆಂಚು ಆಸ್ಪತ್ರೆ ಮಂಚ ಆಯಿತು. ಕೊನೆಗೆ ನಾಲ್ಕು ಜನ ಬಂದು ಅದನ್ನು ಹೆಗಲಿಗೆ ಎತ್ತಿಕೊಂಡರು. ಮೇಲೆ ಯಾರೂ ಇರಲಿಲ್ಲ, ಮಡಿಸಿಟ್ಟ ಸೀರೆ ಮಾತ್ರ. ಅದು ಚಟ್ಟ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೂ ಸಭೆಯಲ್ಲಿ ಒಂದು ಕೆಮ್ಮು ಕೂಡ ಕೇಳಲಿಲ್ಲ. ನಿಜವಾದ ಬಿದಿರು, ಹೂವು ತಂದಿದ್ದರೆ ‘ಪರವಾಗಿಲ್ಲ, ಚೆನ್ನಾಗಿ ಕಟ್ಟಿದ್ದಾರೆ’ ಅಂದುಕೊಳ್ಳುತ್ತಿದ್ದೆವೇನೋ. ಇಲ್ಲಿ ಹಾಗಾಗಲಿಲ್ಲ, ಯಾಕಂದರೆ ಅರ್ಧ ಗಂಟೆ ಹಿಂದೆ ಅದೇ ಹಲಗೆ ಮೇಲೆ ಆ ಸೀರೆಯ ಹೆಂಗಸು ಕೂತು ನಕ್ಕಿದ್ದನ್ನು ನಾವೇ ನೋಡಿದ್ದೆವು.

ಲಾಟೀನಿನದೂ ಇದೇ ಕಥೆ. ಅಪ್ಪ ಮಗ ಜಗಳ ಆಡುವಾಗ ಅದನ್ನು ನೆಲದ ಮೇಲೆ, ಅಪ್ಪನ ಕಾಲ ಹತ್ತಿರ ಇಟ್ಟಿದ್ದರು. ಮಾತಲ್ಲಿ ಮಗನದೇ ಮೇಲುಗೈ. ಪಕ್ಕದ ಗೋಡೆ ಮೇಲೆ ನೋಡಿದರೆ ಅಪ್ಪನ ನೆರಳು ಮಗನನ್ನು ಪೂರ್ತಿ ನುಂಗಿಕೊಂಡು ನಿಂತಿತ್ತು. ಇದನ್ನು ‘ಪೂರಕ’ ಅಂದರೆ ಹೇಗೆ ಸ್ವಾಮಿ? ಆ ದೃಶ್ಯದ ಅರ್ಧ ಮಾತು ಆಡಿದ್ದೇ ಆ ದೀಪ.

ಇದೇನು ಹೊರಗಿಂದ ಬಂದ ಹೊಸ ಫ್ಯಾಷನ್ ಅಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಗೊತ್ತು, ಅಲ್ಲಿ ರಥ ಅಂತ ಕರೆಯುವುದು ಒಂದು ಮರದ ಪೀಠವನ್ನು. ದೇವೇಂದ್ರ ಕೂತರೆ ಸಿಂಹಾಸನ, ಅರ್ಜುನ ಹತ್ತಿದರೆ ರಥ, ಬೇಕಾದರೆ ಬೆಟ್ಟವೂ ಹೌದು. ಇಬ್ಬರು ಹಿಡಿದ ಒಂದು ತೆರೆ ಸಾಕು, ಅದರ ಹಿಂದಿನಿಂದ ಬಣ್ಣದ ವೇಷದ, ಅಂದರೆ ರಾಕ್ಷಸನ, ಕಿರೀಟ ಇಷ್ಟೇ ಇಷ್ಟು ಕಾಣುತ್ತಾ, ಚೆಂಡೆ ಏರುತ್ತಾ ಹೋದರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದರು. ಅಕ್ಕಿಹಿಟ್ಟಿನಲ್ಲಿ ಮುಖದ ಮೇಲೆ ಗಂಟೆಗಟ್ಟಲೆ ಇಡುವ ಚುಟ್ಟಿ ದೊಂದಿಯ ಅಲ್ಲಾಡುವ ಬೆಳಕಿಗೆ ಹೇಳಿ ಮಾಡಿಸಿದ್ದು. (ಈಗ ಬಿಳೀ ಲೈಟು ಹಾಕಿ ಆ ಮುಖವನ್ನು ಗೋಡೆ ಥರ ಮಾಡಿಬಿಡುತ್ತಾರೆ, ಅದು ಬೇರೆ ಪತ್ರಕ್ಕೇ ಆಯಿತು ಬಿಡಿ.) 1971ರ ‘ಹಯವದನ’ಕ್ಕೆ ಕಾರ್ನಾಡರು ತಂದುಕೊಂಡದ್ದೂ ಇದೇ ತೆರೆಯನ್ನು. ಅದರ ನಾಯಕಿ ಪದ್ಮಿನಿ ಸಹಗಮನ ಮಾಡುವಾಗ ಬೆಂಕಿ ಹಚ್ಚುವುದಿಲ್ಲ, ಬೆಂಕಿಯ ಚಿತ್ರ ಬರೆದ ಬಟ್ಟೆ ಮೇಲೇಳುತ್ತದೆ.

ಹಾಗಂತ ವೈಭವದ ರಂಗ ತಪ್ಪು ಅಂತ ನಾನು ಹೇಳುತ್ತಿಲ್ಲ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ಬರುತ್ತಿದ್ದವು, ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅದರ ಸೊಗಸೇ ಬೇರೆ. ಆದರೆ ಖಾಲಿ ರಂಗ ಅಂದರೆ ದುಡ್ಡಿಲ್ಲದವರ ರಂಗ ಅಂತ ತಿಳಿಯುವುದಿದೆಯಲ್ಲ, ಅದು ನನಗೆ ಕಿರಿಕಿರಿ. ಖಾಲಿ ರಂಗ ಜಾಸ್ತಿ ಕಷ್ಟ. ಸ್ಯಾಮ್ಯುಯೆಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕದಲ್ಲಿ ಇರುವುದು ಒಂದು ರಸ್ತೆ, ಒಂದು ಬೋಳು ಮರ. ಎರಡನೇ ಅಂಕಕ್ಕೆ ಆ ಮರಕ್ಕೆ ನಾಲ್ಕೈದು ಎಲೆ ಬಂದಿರುತ್ತವೆ. ಒಂದೇ ರಾತ್ರಿ ಕಳೆದದ್ದಾ, ಒಂದು ಋತುವೇ ಕಳೆದುಹೋಯಿತಾ ಅಂತ ಪಾತ್ರಗಳ ಜೊತೆ ನಾವೂ ತಲೆ ಕೆಡಿಸಿಕೊಳ್ಳುತ್ತೇವೆ. ಬರೀ ನಾಲ್ಕೈದು ಎಲೆಗೆ!

ಈಗ ನನ್ನ ನಿಜವಾದ ದೂರು. ಅವತ್ತು ಸಂಘಟಕರು ಸಭಾ ಕಾರ್ಯಕ್ರಮ ಮುಗಿದ ಮೇಲೂ ಹಿಂದಿನ ಫ್ಲೆಕ್ಸ್ ಬಿಚ್ಚಲಿಲ್ಲ. ಅರ್ಧಕ್ಕೆ ಕಪ್ಪು ಪರದೆ ಎಳೆದರು, ಇನ್ನರ್ಧದಲ್ಲಿ ಕೈಮುಗಿದು ನಗುವ ಒಬ್ಬರು ನಾಟಕ ಪೂರ್ತಿ ನಿಂತೇ ಇದ್ದರು. ಬೆಂಚು ಹೆಗಲಿಗೇರಿದಾಗಲೂ ನಗು! ಅತಿಥಿಗಳು ಕುಡಿದಿಟ್ಟ ನೀರಿನ ಬಾಟಲಿ ಒಂದು ಮೂಲೆಯಲ್ಲೇ ಉಳಿದಿತ್ತು. ತುಂಬಿದ ಸೆಟ್ಟಿನಲ್ಲಾದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಇಲ್ಲಿ ಹಾಗಲ್ಲ, ಆಸ್ಪತ್ರೆ ದೃಶ್ಯದಲ್ಲಿ ಪಕ್ಕದವರು ನನ್ನ ಕಿವಿಯಲ್ಲಿ ಕೇಳಿದರು, ‘ಆ ಬಾಟಲಿ ಯಾಕಿಟ್ಟಿದ್ದಾರೆ, ವಿಷವಾ?’ ಅವರದೇನೂ ತಪ್ಪಿಲ್ಲ. ಮೂರೇ ವಸ್ತು ಇರುವ ಕಡೆ ನಾಲ್ಕನೆಯದು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ವಿಮರ್ಶೆಯಲ್ಲಿ ಫ್ಲೆಕ್ಸೂ ಇಲ್ಲ, ಬಾಟಲಿಯೂ ಇಲ್ಲ, ಬೆಂಚೂ ಇಲ್ಲ.

ಮುಂದಿನ ಸಲ ಅತಿಥಿಗಳ ಭಾಷಣ ನಾಲ್ಕು ಸಾಲು ಕಮ್ಮಿ ಮಾಡಿ, ರಂಗದ ಮೇಲೆ ಏನಿತ್ತು, ಅದು ಏನು ಮಾಡಿತು ಅಂತ ಬರೆಸಿ. ಬೆಳಕು ಯಾರದು ಅಂತಲೂ ಹಾಕಿ. ಅವತ್ತು ಹಿಂದಿನ ಸಾಲಿನ ಆಚೆ ಒಬ್ಬ ಹುಡುಗ ಚಾಪೆ ಮೇಲೆ ಕೂತು, ಮೊಣಕಾಲ ಮೇಲೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇಟ್ಟುಕೊಂಡು ಕಣ್ಣು ಮಿಟುಕಿಸದೆ ರಂಗ ನೋಡುತ್ತಿದ್ದ. ಕರಪತ್ರದಲ್ಲಿ ಅವನ ಹೆಸರಿರಲಿಲ್ಲ, ನಿಮ್ಮಲ್ಲೂ ಬರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ನಾನೂ ಕೇಳಲಿಲ್ಲ.

– ಒಬ್ಬ ಓದುಗ, ಸಾಗರ