ಬಾಗಿಲು ಹಾಕಿಕೊಂಡು ಯಾರ ದುಡ್ಡಿನ ಲೆಕ್ಕ?

ಮಾನ್ಯ ಸಂಪಾದಕರೇ,

ಮಂಗಳವಾರದ ನಗರಸಭೆ ಸಾಮಾನ್ಯ ಸಭೆಯಿಂದ ಪತ್ರಕರ್ತರನ್ನು ಹೊರಗೆ ಕಳಿಸಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಚೆನ್ನಾಗಿಯೇ ಬರೆದಿದ್ದೀರಿ. ಆದರೆ ನಿಮ್ಮ ವರದಿಗಾರರ ಜೊತೆ ನಮ್ಮಂಥ ಸಾಮಾನ್ಯ ಜನರನ್ನೂ ಅಟ್ಟಿದರಲ್ಲ, ಅದಕ್ಕೆ ಸಿಕ್ಕಿದ್ದು ಕೊನೆಯ ಒಂದೇ ಸಾಲು. ಹಾಗಾಗಿ ಮಿಕ್ಕಿದ್ದನ್ನು ನಾನೇ ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಚರಂಡಿ ವಿಷಯಕ್ಕೆ. ನಮ್ಮ ಅಡ್ಡರಸ್ತೆಯ ಚರಂಡಿ ಕಾಮಗಾರಿಯ ಬಿಲ್ ಅವತ್ತಿನ ಅಜೆಂಡಾದಲ್ಲಿತ್ತು. ಅರ್ಧ ದಿನದ ಸಂಬಳ ಬಿಟ್ಟು ಹೋಗಿದ್ದೆ. ಬಾಗಿಲಲ್ಲೇ ಮೊಬೈಲ್ ಇಸ್ಕೊಂಡರು. ಸ್ನಾನದ ಮನೆಯಲ್ಲಿ ಇಡುವಂಥ ಒಂದು ಹಳದಿ ಪ್ಲಾಸ್ಟಿಕ್ ಟಬ್ಬು. ಅದರ ತುಂಬಾ ಜನರ ಫೋನುಗಳು ಒಂದರ ಮೇಲೊಂದು. ಟೋಕನ್ ಇಲ್ಲ, ಚೀಟಿ ಇಲ್ಲ. ಒಂದು ರಿಂಗಾದರೆ ಟಬ್ಬೆಲ್ಲ ಗಡಗಡ ಅನ್ನುತ್ತಿತ್ತು. 'ಹೋಗುವಾಗ ನಿಮ್ದು ನೀವೇ ಹುಡುಕ್ಕೊಳ್ಳಿ ಸಾರ್' ಅಂದರು ಬಾಗಿಲಲ್ಲಿದ್ದವರು. ಪಾಪ, ಅವರ ತಪ್ಪೇನಿಲ್ಲ ಬಿಡಿ. ಮೇಲಿನವರು ಹೇಳಿದ್ದನ್ನು ಮಾಡುತ್ತಿದ್ದರು.

ಒಳಗೆ ಬೀದಿನಾಯಿ ಮುಗೀತು, ಬೀದಿದೀಪ ಮುಗೀತು. ಚರಂಡಿ ಬಂತು ನೋಡಿ, ಅಧ್ಯಕ್ಷರು ಪೌರಾಯುಕ್ತರ ಕಡೆ ಬಗ್ಗಿ ಏನೋ ಪಿಸುಗುಟ್ಟಿದರು. ಆಮೇಲೆ ಮೈಕಿನಲ್ಲಿ, 'ವಿಷಯ ಸೂಕ್ಷ್ಮವಾಗಿದೆ, ಮಾಧ್ಯಮ ಮಿತ್ರರು ಮತ್ತು ಸಾರ್ವಜನಿಕರು ಸಹಕರಿಸಬೇಕು.' ಸಹಕರಿಸುವುದು ಅಂದರೆ ಎದ್ದು ಹೋಗುವುದು. ಚರಂಡಿಯಲ್ಲಿ ಏನು ಸ್ವಾಮಿ ಸೂಕ್ಷ್ಮ? ಅದರಲ್ಲಿ ಮಿಲಿಟರಿ ಗುಟ್ಟೇನಾದರೂ ಹರಿಯುತ್ತಿದೆಯಾ?

ವರಾಂಡದಲ್ಲಿ ಒಂದು ಟಿ.ವಿ. ಇದೆ. ಸಭೆಯ ನೇರಪ್ರಸಾರ ಅಂತ ಹೋದ ವರ್ಷ ರಿಬ್ಬನ್ ಕತ್ತರಿಸಿ ಶುರು ಮಾಡಿದ್ದು. ನಾವೆಲ್ಲ ಅದರ ಮುಂದೆ ನಿಂತೆವು. ಅಧ್ಯಕ್ಷರ ಮುಖ ಕಾಣುತ್ತಿತ್ತು, ದನಿ ಇರಲಿಲ್ಲ. ತಾಂತ್ರಿಕ ದೋಷವಂತೆ. ಚರಂಡಿ ಬಿಲ್ ಪಾಸಾಗಿ, ಯಾರಿಗೋ ಶಾಲು ಹೊದಿಸುವ ಕಾರ್ಯಕ್ರಮ ಶುರುವಾಯಿತು ನೋಡಿ, ದನಿ ತಾನಾಗೇ ಬಂತು! ಇನ್ನೊಂದು ವಿಷಯ, ಒಬ್ಬ ಕ್ಯಾಮೆರಾದವರು ಮಾತ್ರ ಒಳಗೇ ಇದ್ದರು. ನಗರಸಭೆ ಜಾಹೀರಾತಿನಲ್ಲೇ ಬದುಕುವ ಕೇಬಲ್ ಚಾನೆಲ್ಲಿನವರು. ರಾತ್ರಿ ಅವರ ಸುದ್ದಿಯಲ್ಲಿ ಶಾಲು ಬಂತು, ಹಾರ ಬಂತು, ಚರಂಡಿ ಬರಲಿಲ್ಲ. ನಿಮ್ಮ ಪತ್ರಿಕೆಯಲ್ಲೂ ಹಬ್ಬಕ್ಕೊಮ್ಮೆ ಅಧ್ಯಕ್ಷರ ಶುಭಾಶಯ ಮುಕ್ಕಾಲು ಪುಟ ಬರುತ್ತದೆ. ಬೇಜಾರು ಮಾಡ್ಕೋಬೇಡಿ, ಹೇಳಬೇಕಾದ್ದು ಹೇಳಿದೆ.

ಹೊರಡುವಾಗ ಟಬ್ಬಿನ ತಳದಲ್ಲಿ ನನ್ನ ಫೋನ್ ಸಿಕ್ಕಿತು, ಗಾಜು ಒಡೆದಿತ್ತು. ಅಷ್ಟರಲ್ಲಿ ಮಗಳ ಶಾಲೆಯಿಂದ ಕರೆ ಮೇಲೆ ಕರೆ ಬಂದಿದ್ದವು, ಮಗುವಿಗೆ ಜ್ವರ ಅಂತ. ಕಚೇರಿ ಆವರಣದಲ್ಲಿ ಅಧಿಕಾರಿಗಳ ಗಾಡಿಗೆ ಮಾತ್ರ ಜಾಗ. ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದರು. ದಂಡ ಕಟ್ಟಿದೆ. ಅದಕ್ಕೆ ಮಾತ್ರ ರಸೀದಿ ತಕ್ಷಣ ಕೊಟ್ಟರು, ಮೆಚ್ಚಬೇಕು.

ಈ ಚರಂಡಿಯ ಕಥೆ ಇವತ್ತಿನದಲ್ಲ. ಕೆಲಸ ಮುಗಿದು ಒಂದು ಮಳೆಗಾಲವೂ ಕಳೆದಿಲ್ಲ, ಆಗಲೇ ಕಾಂಕ್ರೀಟ್ ಪುಡಿಪುಡಿ. ಕೊಡೆಯ ತುದಿಯಲ್ಲಿ ಒತ್ತಿದರೆ ಮರಳು ಉದುರುತ್ತದೆ. ನಮ್ಮ ಗೇಟಿನ ಮುಂದೆ ಎರಡು ಸ್ಲ್ಯಾಬ್ ಹಾಕಲೇ ಇಲ್ಲ. ಆದರೆ ಮಾಡಿದ ಕೆಲಸದ ಲೆಕ್ಕ ಬರೆದಿಡುವ ಅಳತೆ ಪುಸ್ತಕದಲ್ಲಿ ಆ ಸ್ಲ್ಯಾಬುಗಳು ಇವೆಯೋ ಇಲ್ಲವೋ? ನನಗೆ ಬೇಕಾಗಿದ್ದು ಇಷ್ಟೇ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಆ ಅಳತೆ ಪುಸ್ತಕದ, ಅಂದರೆ ಎಂ.ಬಿ.ಯ, ಪ್ರತಿ ಕೇಳಿದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ದಾಟಬಾರದು ಅಂತ ನಿಯಮ. ಅದನ್ನೂ ಎಣಿಸಿ ಬರೆದೆ. ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. ಬಂತು, ಆದರೆ ಬಹಳ ತಡವಾಗಿ: 'ಕಡತ ಆಡಿಟ್‌ಗೆ ಹೋಗಿದೆ.' ಮೇಲ್ಮನವಿ ಹಾಕಿದೆ. 'ಮೂರನೇ ವ್ಯಕ್ತಿಯ ಮಾಹಿತಿ' ಅಂತ ಬಂತು. ಚರಂಡಿ ಯಾವಾಗಿನಿಂದ ಮೂರನೇ ವ್ಯಕ್ತಿ ಆಯಿತೋ ದೇವರೇ ಬಲ್ಲ.

2005ರ ಅದೇ ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿ ಪರಿಶೀಲಿಸುವ, ಅದರ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಕಾಂಕ್ರೀಟ್ ಮಾದರಿ ಕೊಡಿ ಅಂತ ಕೇಳಿದಾಗ ಎಂಜಿನಿಯರ್ ಸಾಹೇಬರು ಜೋರಾಗಿ ನಕ್ಕರು. 'ಮಾದರಿ ಯಾಕ್ರೀ, ಬೇಕಾದ್ರೆ ಅಲ್ಲೇ ಬಿದ್ದಿದೆ ತಗೊಂಡು ಹೋಗಿ' ಅಂದರು. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಅದನ್ನು ಹಾಕಬೇಕಾದ ಮಾಹಿತಿ ಆಯೋಗದ ಮುಂದೆ ನನ್ನ ಅರ್ಜಿಯ ಸರದಿ ಬರುವ ಹೊತ್ತಿಗೆ ಈ ಎಂಜಿನಿಯರ್ ನಿವೃತ್ತರಾಗಿರುತ್ತಾರೆ. ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬೇರೆ. ಮೊದಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲೇ, ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬಹುದು ಅಂತ ಇತ್ತು. ಈ ಹೊಸ ಕಾಯ್ದೆಯಿಂದ ಆ ಮಾತನ್ನು ತೆಗೆದುಹಾಕಿದರು. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನುವ 8(2) ಇನ್ನೂ ಇದೆಯಲ್ಲ ಅನ್ನುತ್ತಾರೆ ವಕೀಲರು. ಸರಿ, ಅದನ್ನು ಕೌಂಟರಿನಲ್ಲಿ ಕೂತವರಿಗೆ ಯಾರು ಹೇಳಬೇಕು?

ನಗರಸಭೆಯವರಿಗೆ ಬಾಗಿಲು ಹಾಕುವ ಈ ಪಾಠ ಕಲಿಸಿದವರು ದೊಡ್ಡವರೇ. 2019ರ ಅಕ್ಟೋಬರಿನಲ್ಲಿ ನಮ್ಮ ವಿಧಾನಸಭೆಗೇ ಖಾಸಗಿ ಚಾನೆಲ್‌ಗಳ ಕ್ಯಾಮೆರಾ ಬರಬಾರದು ಅಂತ ಸ್ಪೀಕರ್ ತೀರ್ಮಾನ ಮಾಡಿದರು, ಸರ್ಕಾರ ಕೊಡುವ ದೃಶ್ಯ ತೋರಿಸಿ ಸಾಕು ಅಂತ. 2012ರಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟಿದ್ದು ಖಾಸಗಿ ಚಾನೆಲ್ಲಿನ ಕ್ಯಾಮೆರಾದಿಂದ. ಸರ್ಕಾರಿ ಕ್ಯಾಮೆರಾ ಆಗಿದ್ದರೆ ಆಗ ಸ್ಪೀಕರ್ ಪೀಠವನ್ನೋ ಗೋಡೆಯ ಗಡಿಯಾರವನ್ನೋ ತೋರಿಸುತ್ತಿತ್ತು, ಅಲ್ವಾ?

ಹಿಂದೆ ಹೀಗಿರಲಿಲ್ಲ ಅಂತ ಹೇಳುವುದಿಲ್ಲ, ಆದರೆ ಬಾಗಿಲು ತೆಗೆಸಿದವರೂ ಇದ್ದರು. ಸಂಸತ್ತಿನಲ್ಲಿ ಆಡಿದ್ದನ್ನು ಪತ್ರಿಕೆಗಳು ಹೆದರದೆ ಬರೆಯಲಿ ಅಂತ ಸಂಸದ ಫಿರೋಜ್ ಗಾಂಧಿ ಖಾಸಗಿ ಮಸೂದೆ ತಂದರು, 1956ರಲ್ಲಿ ಅದು ಕಾಯ್ದೆಯಾಯಿತು. ಮುಂದಿನ ವರ್ಷವೇ ಅವರು ಎಲ್‌ಐಸಿ ದುಡ್ಡನ್ನು ಉದ್ಯಮಿ ಮುಂದ್ರಾ ಅವರ ಕಂಪನಿಗಳಿಗೆ ಸುರಿದ ಹಗರಣ ಎತ್ತಿದರು, ಅದೂ ಸ್ವಂತ ಮಾವ ನೆಹರೂ ಅವರ ಸರ್ಕಾರದ ವಿರುದ್ಧ. ನ್ಯಾಯಮೂರ್ತಿ ಛಾಗ್ಲಾ ವಿಚಾರಣೆಯನ್ನು ಜನರೆದುರೇ ನಡೆಸಿದರು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಮನೆಗೆ ಹೋದರು. ತುರ್ತು ಪರಿಸ್ಥಿತಿಯಲ್ಲಿ 1956ರ ಆ ಕಾಯ್ದೆಯನ್ನೇ ರದ್ದು ಮಾಡಿದ್ದರು, 1977ರಲ್ಲಿ ಮತ್ತೆ ಬಂತು. ಕೇಂದ್ರ ಸಚಿವರ ಲೆಕ್ಕವನ್ನೇ ಬಾಗಿಲು ತೆರೆದು ಕೇಳಿದ ದೇಶದಲ್ಲಿ ನಮ್ಮ ಸ್ಲ್ಯಾಬಿನ ಲೆಕ್ಕ ಮಾತ್ರ ಸೂಕ್ಷ್ಮವಂತೆ!

ಹಿಂದಿನ ಪೌರಾಯುಕ್ತರೂ ಏನೂ ಕಡಿಮೆ ಇರಲಿಲ್ಲ. ಒಂದು ದೂರು ಪೆಟ್ಟಿಗೆ ಇಟ್ಟು ಬೀಗ ಹಾಕಿದರು, ವರ್ಗ ಆದಾಗ ಬೀಗದ ಕೈ ಅವರ ಜೊತೆಯೇ ಹೋಯಿತು. ಪೆಟ್ಟಿಗೆ ಇನ್ನೂ ಅಲ್ಲೇ ಇದೆ, ಈಗ ಅದರ ಮೇಲೆ ಕುಡಿಯುವ ನೀರಿನ ಕ್ಯಾನ್ ಇಡುತ್ತಾರೆ. ಅವರಿಗಿಂತ ಮುಂಚಿನವರ ಕಾಲದಲ್ಲಿ ತಂದೆಯವರ ಖಾತೆ ಬದಲಾವಣೆಗೆ ಹೋದಾಗ ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ 'ಸಕಾಲ' ಯೋಜನೆಯ ಸ್ವೀಕೃತಿ ಚೀಟಿ ಕೇಳಿದ್ದಕ್ಕೆ, 'ಓ, ನೀವು ಕಾನೂನು ಮಾತಾಡೋರಾ?' ಅಂದಿದ್ದರು. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಅಂತ ಗೋಡೆ ಮೇಲೆ ಬೋರ್ಡ್ ಬೇರೆ. ಆ 20 ರೂಪಾಯಿ ಕಂಡವರು ಯಾರಾದರೂ ಇದ್ದರೆ ನನಗೂ ತೋರಿಸಲಿ. ಲೋಕಾಯುಕ್ತಕ್ಕೆ ಹೋಗಿ ಅನ್ನುತ್ತಾರೆ. ಹೋದರೆ ಫಾರಂ, ಪ್ರಮಾಣಪತ್ರ, ನೋಟರಿ. 2016ರಲ್ಲಿ ಅದರ ಹಲ್ಲು ಕಿತ್ತು ಭ್ರಷ್ಟಾಚಾರ ನಿಗ್ರಹ ದಳ ಅಂತ ಎಸಿಬಿ ಮಾಡಿದರು, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಈ ಎಳೆದಾಟದಲ್ಲಿ ನಮ್ಮಂಥವರ ದೂರುಗಳು ಯಾವ ಕಪಾಟಿನಲ್ಲಿವೆಯೋ ಏನೋ.

ಆದ್ದರಿಂದ ಜಿಲ್ಲಾಧಿಕಾರಿಗಳು ಇದನ್ನು ಓದುತ್ತಿದ್ದರೆ, ಓದುತ್ತಾರೆ ಅಂತಲೇ ಇಟ್ಟುಕೊಳ್ಳೋಣ, ಮುಂದಿನ ಸಭೆಗೆ ಎಲ್ಲ ಪತ್ರಿಕೆ, ಎಲ್ಲ ಚಾನೆಲ್‌ನವರನ್ನೂ ಬಿಡಿಸಬೇಕು. ನೇರಪ್ರಸಾರಕ್ಕೆ ದನಿ ಕೊಡಿಸಬೇಕು. ಎಂ.ಬಿ.ಯನ್ನು ನೋಟಿಸ್ ಬೋರ್ಡಿಗೆ ಹಾಕಿಸಬೇಕು. ಇಲ್ಲವಾದರೆ ಸಾಮಾನ್ಯ ಸಭೆ ಅಂತ ನಾಟಕ ಯಾಕೆ, ಗುತ್ತಿಗೆದಾರರ ಮನೆಯಲ್ಲೇ ಕಾಫಿ ಕುಡಿಯುತ್ತಾ ಬಿಲ್ ಪಾಸ್ ಮಾಡಿಕೊಳ್ಳಲಿ, ಬಾಡಿಗೆ ಕುರ್ಚಿಯ ಖರ್ಚಾದರೂ ಉಳಿಯುತ್ತದೆ. ಮತ್ತೆ ಆ ಎರಡು ಸ್ಲ್ಯಾಬ್ ಹಾಕಿಸಿ. ಫೋನಿನ ಗಾಜಿನ ದುಡ್ಡು ಯಾರು ಕೊಡುತ್ತೀರಿ ಅಂತಲೂ ಹೇಳಿ. ನಗರಸಭೆಯವರೇ, ನಾಚಿಕೆ ಆಗಬೇಕು ನಿಮಗೆ.

ಇಂತಿ,
ತೆರಿಗೆ ರಸೀದಿ ಜೋಪಾನವಾಗಿ ಇಟ್ಟುಕೊಂಡಿರುವ ಒಬ್ಬ ನಿವಾಸಿ,
ಮೂರನೇ ಅಡ್ಡರಸ್ತೆ