ಕಾಲಿನ ಉಂಗುರವನ್ನಷ್ಟೇ ನೋಡಿ ಬಿಡಬೇಡಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರಿಗೆ ನಮಸ್ಕಾರಗಳು. ಕದ್ದ ಬೇಟೆ ಹಕ್ಕಿಗಳನ್ನು ಸಾಕಣೆಯ ಹಕ್ಕಿಗಳೆಂದು ಮಾರುವುದನ್ನು ತಡೆಯಿರಿ ಎಂದು ಕೇಳಲು ಈ ಪತ್ರ.

2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಒಬ್ಬ ಸಿಕ್ಕಿಬಿದ್ದ. ಅವನ ಹೊಟ್ಟೆಗೆ ಸುತ್ತಿದ್ದ ಕಾಲುಚೀಲಗಳೊಳಗೆ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಯ 14 ಮೊಟ್ಟೆಗಳಿದ್ದವು. ತಾಯಿ ಹಕ್ಕಿಯ ಕಾವಿನ ಬದಲು ಕಳ್ಳನ ಮೈಬಿಸಿ! ಅವನ ಮೇಲೆ ಮೊದಲು ಅನುಮಾನ ಬಂದದ್ದು ಅಲ್ಲಿನ ಒಬ್ಬ ಸ್ವಚ್ಛತಾ ಕೆಲಸಗಾರರಿಗೆ. ಆ ಮನುಷ್ಯ ಸ್ನಾನದ ಕೋಣೆಯಲ್ಲಿ ತುಂಬಾ ಹೊತ್ತು ಇದ್ದದ್ದನ್ನು ಅವರು ಗಮನಿಸಿದ್ದರು. ಜೈಲಿಗೆ ಹೋಗಿ ಬಂದ ಅದೇ ವ್ಯಕ್ತಿ 2018ರಲ್ಲಿ ಹೀಥ್ರೂ ನಿಲ್ದಾಣದಲ್ಲಿ ಮತ್ತೆ ಮೊಟ್ಟೆಗಳ ಸಮೇತ ಸಿಕ್ಕ.

ಸಿಕ್ಕಿಬಿದ್ದವರ ಕಥೆ ಇದು. ನನಗೆ ಜಾಸ್ತಿ ಚಿಂತೆ ಇರುವುದು ಕಾಗದಪತ್ರ ಸರಿಯಾಗಿಟ್ಟುಕೊಂಡು ರಾಜಾರೋಷವಾಗಿ ಮಾರುವವರ ಬಗ್ಗೆ.

ಕಾಡಿನಿಂದ ಹಿಡಿದ ಪೆರೆಗ್ರಿನ್ ಹಕ್ಕಿಯನ್ನು ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ, ಅತಿ ಬಿಗಿಯಾದ ಪಟ್ಟಿಯಲ್ಲೇ ಅದು ಇದೆ. ಆದರೆ ಸಾಕಣೆಯಲ್ಲಿ ಹುಟ್ಟಿದ ಹಕ್ಕಿಯನ್ನು ಪರವಾನಗಿ ಪಡೆದು ಮಾರಬಹುದು. ಕಳ್ಳರು ನುಸುಳುವುದು ಇಲ್ಲೇ. ಬಂಡೆಯ ಗೂಡಿನಿಂದ ಮರಿ ಕದ್ದು, "ನಮ್ಮಲ್ಲೇ ಹುಟ್ಟಿದ್ದು" ಎಂದು ಬರೆಸಿಬಿಟ್ಟರೆ ಮುಗೀತು. ಜೋಡಣೆಯಿಲ್ಲದ ಉಂಗುರವನ್ನು ಎಳೆಯ ಮರಿಯ ಕಾಲಿಗಷ್ಟೇ ತೊಡಿಸಲು ಆಗುತ್ತದೆ, ಆದ್ದರಿಂದ ಸಾಕಣೆಯಲ್ಲಿ ಹುಟ್ಟಿದ್ದಕ್ಕೆ ಅದೇ ಸಾಕ್ಷಿ ಅನ್ನುತ್ತಾರೆ. ಕದ್ದ ಮರಿಯೂ ಎಳೆಯದೇ ಅಲ್ವಾ? ಅದರ ಅಪ್ಪ ಅಮ್ಮ ಯಾರೆಂದು ಉಂಗುರ ಹೇಳುವುದಿಲ್ಲ. ಡಿಎನ್‌ಎ ಹೇಳುತ್ತದೆ.

ಸ್ಕಾಟ್ಲೆಂಡ್‌ನಲ್ಲಿ ಪೊಲೀಸರು ಇದನ್ನು ಮಾಡಿ ತೋರಿಸಿದ್ದಾರೆ. ಒಂದು ಮನೆಯಲ್ಲಿ ವಶಪಡಿಸಿಕೊಂಡ ಪೆರೆಗ್ರಿನ್‌ಗಳಲ್ಲಿ ಕೆಲವು ಕಾಡು ಗೂಡುಗಳಿಂದ ಬಂದವು ಎಂದು ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. 2024ರಲ್ಲಿ ತಂದೆ ಮಗ ಇಬ್ಬರಿಗೂ ಶಿಕ್ಷೆ ಆಯಿತು. ಜೈಲಲ್ಲ, ಸಂಬಳವಿಲ್ಲದ ಸಮುದಾಯ ಸೇವೆ. ಇಷ್ಟು ಕಷ್ಟಪಟ್ಟ ತನಿಖೆಗೆ ಇದು ತೀರಾ ಕಡಿಮೆ ಅನ್ನಿಸಿ ನನಗೆ ಬೇಸರವಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಸಾಕಣೆ ಕೇಂದ್ರಗಳಿಗೆ ಹೇಳದೆ ಕೇಳದೆ ಭೇಟಿ ಕೊಡಿಸಿ. ಮರಿಯ ಜೊತೆಗೆ, ಅದರ ಹೆತ್ತವರೆಂದು ತೋರಿಸುವ ಜೋಡಿಯಿಂದಲೂ ಮಾದರಿ ತೆಗೆಸಿ. ತಾಳೆಯಾಗುವ ತನಕ ಪರವಾನಗಿ ಕೊಡಬೇಡಿ. ಪರೀಕ್ಷೆಯ ಖರ್ಚನ್ನು ಮಾರುವವರೇ ಕಟ್ಟಲಿ.

ಇನ್ನೊಂದು ಮಾತು. ವಶಪಡಿಸಿಕೊಂಡ ಹಕ್ಕಿಯನ್ನು ಕೇಸು ಮುಗಿಯುವವರೆಗೆ ಸುಮ್ನೆ ಪಂಜರದಲ್ಲಿ ಕೂರಿಸಬೇಡಿ. ರೆಕ್ಕೆ ಗರಿ ಮುರಿದರೆ, ಮಾಂಸಖಂಡ ಸೊರಗಿದರೆ ಅದು ಬೇಟೆಯಾಡಿ ಬದುಕಲಾರದು. ಫೋಟೊ, ಅಳತೆ, ಮಾದರಿ ದಾಖಲಿಸಿಕೊಂಡು, ಬೇಟೆ ಹಕ್ಕಿಗಳನ್ನು ನೋಡಿಕೊಳ್ಳಲು ಬಲ್ಲವರ ಕೈಗೆ ಅಂದೇ ಒಪ್ಪಿಸುವಂತೆ ಆದೇಶ ಹೊರಡಿಸಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಒಬ್ಬ ಹಕ್ಕಿಪ್ರೇಮಿ