ನೆರೆ ಸಿದ್ಧತೆಯ ಪಟ್ಟಿಯಲ್ಲಿ ಹಿಟ್ಟಿನ ಗಿರಣಿಯೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲರ ಕಿವಿ ಮಲಪ್ರಭಾ ಹೊಳೆಯ ನವಿಲುತೀರ್ಥ ಡ್ಯಾಮಿನ ಸುದ್ದಿಯ ಮೇಲೆ. ಕಣಕುಂಬಿ, ಖಾನಾಪುರದ ಕಡೆ ಮಳೆ ಜೋರಾದರೆ ಇಲ್ಲಿ ಮಲಪ್ರಭೆಯ ಬಣ್ಣ ಬದಲಾಗುತ್ತದೆ. ಅಧಿಕಾರಿಗಳು ಸಭೆ ಮಾಡುತ್ತಾರೆ. ದೋಣಿ ಎಷ್ಟು, ಕಾಳಜಿ ಕೇಂದ್ರ ಎಲ್ಲಿ, ಔಷಧ ಇದೆಯೇ ಅಂತ ಪತ್ರಿಕೆಯಲ್ಲಿ ಬರುತ್ತದೆ. ನಾನು ಅದನ್ನು ಪೂರ್ತಿ ಓದುತ್ತೇನೆ. ಹಿಟ್ಟಿನ ಗಿರಣಿಯ ಮಾತು ಒಮ್ಮೆಯೂ ಕಂಡಿಲ್ಲ. ಅದಕ್ಕೇ ಈ ಪತ್ರ.

ನಾನು ರೋಣ ತಾಲ್ಲೂಕಿನವಳು. 16 ವರ್ಷದಿಂದ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತೇನೆ. ನಮ್ಮೂರು ಹೊಳೆಯಿಂದ ದೂರ, ಎತ್ತರದ ಎರೆ ಹೊಲಗಳ ನಡುವೆ ಇದೆ. ನಮ್ಮ ಮನೆಗೆ ನೀರು ಬರುವುದಿಲ್ಲ. ಹೊಳೆಸಾಲಿನ ಜನ ಬರುತ್ತಾರೆ.

2019ರ ನೆರೆ ಪಂಚಮಿ ಹಬ್ಬದ ವಾರದಲ್ಲೇ ಬಂತು. ಆಗಸ್ಟ್ 5ಕ್ಕೆ ನಾಗರ ಪಂಚಮಿ ಇತ್ತು. ಅದಕ್ಕೂ ಮುಂಚೆ ನಮ್ಮ ಕಡೆ ರೊಟ್ಟಿ ಪಂಚಮಿ ಮಾಡುತ್ತೇವೆ. ಬೆಂಗಳೂರು, ಮೈಸೂರಿನ ಓದುಗರಿಗೆ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಮಾಡಿ ಓಣಿಯ ಮನೆಮನೆಗೆ ಕೊಟ್ಟು ಬರುತ್ತೇವೆ. ಅವರೂ ತಂದುಕೊಡುತ್ತಾರೆ. ಹಬ್ಬ ಮುಗಿಯುವ ಹೊತ್ತಿಗೆ ಒಂದೊಂದು ಮನೆಯ ಡಬ್ಬಿಯಲ್ಲಿ ಹತ್ತು ಮನೆಯ ರೊಟ್ಟಿ ಇರುತ್ತದೆ. ಮದುವೆಯಾದ ಹೆಣ್ಣುಮಕ್ಕಳೂ ತವರಿಗೆ ಬಂದಿರುತ್ತಾರೆ.

ಪಂಚಮಿಗೆ ಕಟ್ಟಿದ ಜೋಕಾಲಿಯ ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಹೊಳೆಆಲೂರಿಗೆ ನೀರು ನುಗ್ಗಿತು, ಕೊಣ್ಣೂರಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು ಅಂತ ಒಂದರ ಹಿಂದೊಂದು ಸುದ್ದಿ. ಸಂಜೆಗೆ ಟ್ರ್ಯಾಕ್ಟರ್‌ಗಳಲ್ಲಿ ಜನ, ಹಿಂದೆ ನಡೆದುಕೊಂಡು ದನಕರು. ನಮ್ಮ ಶಾಲೆಯ ಕೋಣೆಗಳು ತುಂಬಿದವು. ಆ ರಾತ್ರಿ ಅವರು ಉಂಡಿದ್ದು ಹಬ್ಬದ ರೊಟ್ಟಿ, ಹಬ್ಬದ ಉಂಡಿ. ಕೊಡಿ ಅಂತ ಯಾರೂ ಹೇಳಬೇಕಾಗಲಿಲ್ಲ. ಹುಡುಗರು ಬುಟ್ಟಿ ಹಿಡಿದು ಓಣಿಯಲ್ಲಿ ಒಂದು ಸುತ್ತು ಬಂದರು, ಬುಟ್ಟಿ ತುಂಬಿತು. ದನಗಳಿಗೆ ಬಣವೆಯಿಂದ ಕಣಿಕೆ ಹಿರಿದು ಹಾಕಿದರು. ಇನ್ನಷ್ಟು ರೊಟ್ಟಿ ಹೊಳೆಸಾಲಿನ ಬೇರೆ ಊರುಗಳಿಗೂ ಹೋಯಿತು. ಅಲ್ಲಿಗೆ ಖಡಕ್ ರೊಟ್ಟಿಯೇ ಬೇಕು. ಅದು ಬೂಸ್ಟು ಹಿಡಿಯುವುದಿಲ್ಲ, ಹಸಿಯಾಗದಂತೆ ಕಟ್ಟಿದರೆ ತಿಂಗಳಾದರೂ ಕೆಡುವುದಿಲ್ಲ. ಹಲ್ಲಿಲ್ಲದ ಮುದುಕರಿಗೆ, ಕೂಸುಗಳಿಗೆ ಮಾತ್ರ ಮೆತ್ತನೆ ರೊಟ್ಟಿ ಬೇಕು. ಅದು ಆಗಿಂದಾಗ್ಗೆ ಆಗಬೇಕು.

ಎರಡನೇ ದಿನ ಡಬ್ಬಿಗಳು ಖಾಲಿಯಾದವು. ನಿಜವಾದ ತೊಂದರೆ ಅಲ್ಲಿ ಶುರುವಾಯಿತು.

ಜೋಳ ಇರಲಿಲ್ಲವೇ? ಇತ್ತು. ಹಿಂಗಾರಿ ಬಿಳಿಜೋಳ ಮನೆಮನೆಯಲ್ಲೂ ಚೀಲಗಟ್ಟಲೆ ಇತ್ತು. ಬಡಿಯುವ ಕೈಗಳೂ ಜಾಸ್ತಿ ಇದ್ದವು, ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಇದ್ದರಲ್ಲ. ಇಲ್ಲದ್ದು ಹಿಟ್ಟು. ಜೋಳದ ಹಿಟ್ಟನ್ನು ನಾವು ಕೂಡಿಡುವುದಿಲ್ಲ. ಹಳೇದಾದರೆ ಜಿಗಿ ಹೋಗುತ್ತದೆ, ಬಡಿದರೆ ರೊಟ್ಟಿ ಹರಿಯುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ ತರುತ್ತೇವೆ. ಕರೆಂಟು ಹೋಗಿ ಒಂದೂವರೆ ದಿನವಾಗಿತ್ತು. ಗಿರಣಿ ನಿಂತಿತ್ತು.

ನಮ್ಮೂರ ಗಿರಣಿಯವರ ಹತ್ತಿರ ಹಳೇ ಡೀಸೆಲ್ ಎಂಜಿನ್ ಒಂದಿತ್ತು. ರಾತ್ರಿ ಎಂಟಕ್ಕೆ ಅದನ್ನು ಚಾಲೂ ಮಾಡಿದರು. ಬೆಳಗಿನ ಆರರ ತನಕ ಓಡಿತು. ಬೀಸಿದ್ದಕ್ಕೆ ದುಡ್ಡು ಕೇಳಲಿಲ್ಲ. ಡೀಸೆಲ್ ಮಾತ್ರ ಊರವರು ಟ್ರ್ಯಾಕ್ಟರ್‌ಗಳಿಂದ ತೆಗೆದುಕೊಟ್ಟರು, ಸುಮಾರು 20 ಲೀಟರ್.

ಗಿರಣಿಗೆ ಹೋಗುವ ಹೆಂಗಸರಿಗೆ ಒಂದು ವಿಷಯ ಗೊತ್ತಿರುತ್ತದೆ. ನಮ್ಮ ಹಿಟ್ಟಿಗೆ ಬೇರೆಯವರ ಹಿಟ್ಟು ಕೂಡಬಾರದು ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಮುಂದಿನವರದು ಗೋಧಿಯೋ ಮೆಕ್ಕೆಜೋಳವೋ ಕೇಳುತ್ತೇವೆ. ಮೊದಲ ಹಿಡಿ ಹಿಟ್ಟು ಬೇರೆ ತೆಗೆಸುತ್ತೇವೆ. ಯಾರ ಮನೆಯ ಹಿಂದೆ ಯಾರದ್ದು ಹಾಕಿಸಬೇಕು ಅನ್ನುವ ಜಾತಿಯ ಲೆಕ್ಕವೂ ಕೆಲವರಿಗೆ ಇರುತ್ತದೆ, ಮುಚ್ಚಿಡುವುದು ಯಾಕೆ? ಆ ರಾತ್ರಿ ಎಲ್ಲ ಓಣಿಗಳ ಜೋಳವನ್ನೂ ಒಂದೇ ಬಾಯಿಗೆ ಸುರಿದರು. ಇಬ್ಬರು ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ಇಬ್ಬರ ರೆಪ್ಪೆಯೂ ಬೆಳ್ಳಗಾಗಿತ್ತು. ಹಿಟ್ಟು ಬಿಸಿಬಿಸಿಯಾಗಿ ಚೀಲಕ್ಕೆ ಬೀಳುತ್ತಿತ್ತು. ಇದು ಯಾರದ್ದು ಅಂತ ಯಾರೂ ಕೇಳಲಿಲ್ಲ. ನನ್ನ ಇಷ್ಟು ವರ್ಷದಲ್ಲಿ ನಮ್ಮೂರು ಅಷ್ಟು ಚಂದ ಕಂಡಿದ್ದು ಅದೊಂದೇ ಸಲ.

ಮರುದಿನ ನಮ್ಮ ಪಡಸಾಲೆಯಲ್ಲಿ ಆರು ಒಲೆ ಹೂಡಿದೆವು. ಒಂದು ಕೆಜಿ ಹಿಟ್ಟಿಗೆ 14–15 ರೊಟ್ಟಿ ಬರುತ್ತವೆ. ಕುಳ್ಳು, ಕಟ್ಟಿಗೆ ಅಕ್ಕಪಕ್ಕದವರು ತಂದು ಹಾಕಿದರು. ಹೊಳೆಸಾಲಿನ ಒಬ್ಬ ಅಜ್ಜಿ ಶಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ರೊಟ್ಟಿ ಕೊಡಲು ಹೋದೆ, ಕೈ ಚಾಚಲಿಲ್ಲ. ಒಳಗೆ ಬಂದು ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಹಳೇ ಹಿಟ್ಟವಾ" ಅಂದರು. ನಿಜ. ಅದು ಗಿರಣಿಯದ್ದಲ್ಲ, ಪಟ್ಟಣದವರು ಕಳಿಸಿದ ಪ್ಯಾಕೆಟ್ ಹಿಟ್ಟು. ನಾನು ಬಡಿದದ್ದು ಮೂರೂ ಹರಿದಿದ್ದವು. ಅಜ್ಜಿ ಎಸರನ್ನು ಇನ್ನೂ ಕುದಿಸಲು ಹೇಳಿದರು. ಹೊಸ ಹಿಟ್ಟನ್ನು ಅರ್ಧಕ್ಕರ್ಧ ಕೂಡಿಸಿ ನಾದಿದರು. ಬಳೆಯ ಸಂದಿಯಲ್ಲಿ ಹೊಳೆಯ ಕೆಸರು ಇನ್ನೂ ಒಣಗಿಕೊಂಡಿತ್ತು, ನಾನೇ ಕೈ ತೊಳೆಸಿದ್ದೆ, ಆದರೂ ಹೋಗಿರಲಿಲ್ಲ. ಸಂಜೆಯ ತನಕ ಅವರು ಎದ್ದೇಳಲಿಲ್ಲ. ಆಮೇಲೆ ನಮ್ಮ ಜೊತೆಗೇ ಕೂತು ಉಂಡರು.

ಪ್ಯಾಕೆಟ್ ಕಳಿಸಿದವರನ್ನು ನಾನು ದೂರುತ್ತಿಲ್ಲ. ಮನಸ್ಸಿಟ್ಟು ಕಳಿಸಿದ್ದಾರೆ. ಆದರೆ ಹಿಟ್ಟಿನ ಬದಲು ಜೋಳ ಕಳಿಸಿ ಅಂತ ಅವರಿಗೆ ಯಾರಾದರೂ ಹೇಳಬೇಕಿತ್ತು. ಒಂದು ಕೇಂದ್ರದಲ್ಲಿ ಮೂರು ದಿನ ಬರೀ ಅನ್ನ ಸಾರು ಕೊಟ್ಟರಂತೆ. ಹುಟ್ಟಿದಾಗಿನಿಂದ ರೊಟ್ಟಿ ಉಂಡ ಜನ ಹೊಟ್ಟೆ ತುಂಬದೆ ಎದ್ದು ಹೋದರು. ಅದು ಸೊಕ್ಕಲ್ಲ.

ಕೊಡುವುದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಹೋಗುತ್ತದೆ. ಡಂಬಳದಲ್ಲಿ ರೊಟ್ಟಿ ಜಾತ್ರೆಯೇ ನಡೆಯುತ್ತದೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ನಾವು ಒಬ್ಬರ ಮುಖವನ್ನೂ ನೋಡಿರದ ಜನಕ್ಕೆ ಇಲ್ಲಿಂದ ರೊಟ್ಟಿ ಕಟ್ಟಿ ಕಳಿಸಿದ್ದೆವು. ಜೋಳ ಇದೆ, ಕೈ ಇದೆ, ಮನಸ್ಸಿದೆ. ಕರೆಂಟು ಹೋದ ದಿನ ಇವೆಲ್ಲ ಗಿರಣಿಯ ಬಾಗಿಲಲ್ಲಿ ಬಂದು ನಿಲ್ಲುತ್ತವೆ.

ಈಗ ನನ್ನ ಚಿಂತೆ ಹೇಳುತ್ತೇನೆ. ನಮ್ಮೂರ ಆ ಡೀಸೆಲ್ ಎಂಜಿನ್ ಇವತ್ತು ಇಲ್ಲ. ಬಿಡಿಭಾಗ ಸಿಗುವುದಿಲ್ಲ, ಜಾಗವೂ ತಿನ್ನುತ್ತದೆ ಅಂತ ಗಿರಣಿಯವರು ಗುಜರಿಗೆ ಹಾಕಿದರು. ಅವರದ್ದೇನೂ ತಪ್ಪಿಲ್ಲ. ಸುತ್ತಲಿನ ನಾಲ್ಕೈದು ಊರುಗಳಲ್ಲಿ ವಿಚಾರಿಸಿದೆ. ಎಲ್ಲ ಕಡೆ ಮೋಟಾರೇ. ನಾಳೆ 2009, 2019ರಂಥ ನೀರು ಬಂದರೆ ನಾವು ಜೋಳದ ಚೀಲದ ಮುಂದೆ ಕೈಕಟ್ಟಿ ಕೂರಬೇಕು.

ಹಾಗಾಗಿ ಗದಗ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಅಧಿಕಾರಿಗಳಲ್ಲಿ ನನ್ನ ವಿನಂತಿ. ಹೊಳೆಗೆ ಹತ್ತಿರವಿದ್ದೂ ನೀರು ಏರದ ಊರುಗಳಲ್ಲಿ ಹೋಬಳಿಗೆ ಒಂದು ಗಿರಣಿಯನ್ನಾದರೂ ಗುರುತಿಸಿ. ಅದರ ಮೋಟಾರು ಎಳೆಯುವಂಥ ಜನರೇಟರ್ ಮಳೆಗಾಲ ಮುಗಿಯುವ ತನಕ ಅಲ್ಲಿಡಿ, ಇಲ್ಲವೇ ಬಾಡಿಗೆಗೆ ಯಾರಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಟ್ರ್ಯಾಕ್ಟರಿಗೆ ಬೆಲ್ಟ್ ಹಾಕಿ ಗಿರಣಿ ಓಡಿಸಲು ಬರುವ ಮೆಕ್ಯಾನಿಕ್‌ಗಳೂ ಇದ್ದಾರೆ, ಅವರನ್ನು ಕೇಳಿ. ಮತ್ತೆ, ದೂರದಿಂದ ನೆರವು ಕಳಿಸುವವರಿಗೆ ಪತ್ರಿಕೆಯ ಮೂಲಕ ಒಂದು ಮಾತು ತಿಳಿಸಿ: ನಮ್ಮ ಕಡೆಗಾದರೆ ಜೋಳ ಕಳಿಸಿ, ಜೊತೆಗೆ ಡೀಸೆಲ್‌ಗೆ ದುಡ್ಡು ಕೊಡಿ. ರೊಟ್ಟಿ ನಾವು ಮಾಡುತ್ತೇವೆ.

ನಮ್ಮ ಓಣಿಯಲ್ಲಿ ಈಗಾಗಲೇ ಮಾತಾಡಿಕೊಂಡಿದ್ದೇವೆ. ರೊಟ್ಟಿ ಸುಡುವ ಆರು ಹಂಚು, ಎರಡು ಕೊಣಮಿಗೆ, ಒಣ ಕಟ್ಟಿಗೆ ನಮ್ಮ ಪಡಸಾಲೆಯಲ್ಲಿ ಇರುತ್ತವೆ. ಗಿರಣಿಯದ್ದು ಮಾತ್ರ ನಮ್ಮ ಕೈಯಲ್ಲಿಲ್ಲ.

– ರೊಟ್ಟಿ ಮಾಡುವ ಒಬ್ಬ ಓದುಗಿ,
ರೋಣ ತಾಲ್ಲೂಕು, ಗದಗ ಜಿಲ್ಲೆ